ದಂಡಿನ ಮೇಲೆ ದಂಡಯಾತ್ರೆ

ಊರೊಳಗೇ ಪ್ರವಾಸ ಹೋಗುವುದರಲ್ಲಿ ಒಂದು ಅನುಕೂಲವಿದೆ. ರಾತ್ರಿ ನಮ್ಮ ದಿಂಬಿನ ಮೇಲೇ ತಲೆಯಿಟ್ಟು ಮಲಗಬಹುದು. ಒಂದು ಅನನುಕೂಲವೂ ಇದೆ. ಹಗಲೆಲ್ಲ ಏನೇನು ತಿಂದಿರಿ ಎಂಬ ವಿಚಾರಣೆ ಅದೇ ರಾತ್ರಿ ನಡೆಯುತ್ತದೆ.

ನಾನು ಬಸವನಗುಡಿಯವನು. ನನ್ನ ಗೆಳೆಯ ಕೆ.ಆರ್. ಪುರದಲ್ಲಿ ಮನೆ ಕಟ್ಟಿಕೊಂಡವನು. ಮೊದಲೆಲ್ಲ ಅವನ ಮನೆಗೆ ತಿಂಡಿಗೆಂದು ಹೊರಟರೆ ತೂಗುಸೇತುವೆಯ ಹತ್ತಿರ ಸಿಕ್ಕಿಕೊಂಡು ಊಟದ ಹೊತ್ತಿಗೆ ತಲುಪುತ್ತಿದ್ದೆ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಕೂಡಿಕೊಂಡಿತು. ಈಗ ಅವನು ಅತ್ತಲಿಂದ ಬರುತ್ತಾನೆ, ನಾನು ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಇತ್ತಲಿಂದ ಹೋಗುತ್ತೇನೆ. ದಂಡಿನ ಮೇಲೆ, ಅಂದರೆ ಬೆಂಗಳೂರಿನ ಕಂಟೋನ್ಮೆಂಟಿನ ಮೇಲೆ, ಎರಡೂ ದಿಕ್ಕಿನಿಂದ ದಾಳಿ.

ಪೇಟೆಯೂ ದಂಡೂ 1949ರಲ್ಲೇ ಒಂದು ಕಾರ್ಪೊರೇಷನ್ ಆದವು. ನಮ್ಮಜ್ಜಿಗೆ ಮಾತ್ರ ಆ ಸುದ್ದಿ ಕೊನೆಯವರೆಗೂ ಮುಟ್ಟಲಿಲ್ಲ. ಕಬ್ಬನ್ ಪಾರ್ಕು ದಾಟಿದ ಹುಡುಗ ಮೊಟ್ಟೆ ತಿನ್ನದೆ ವಾಪಸು ಬರುವುದಿಲ್ಲ ಎಂಬುದು ಅವರ ಗುಮಾನಿ. ಗುಮಾನಿ ಸರಿಯಾಗಿಯೇ ಇತ್ತು. ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿ ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತಿಗೆ ನಾವು ಕ್ಲಾಸು ತಪ್ಪಿಸಿ ಅಲ್ಲಿರುತ್ತಿದ್ದೆವು. ಅವನಿಗೆ ಖೀಮಾ ಸಮೋಸ, ನನಗೆ ಮೊಟ್ಟೆ ಪಫ್. ಮನೆಗೆ ಹೊರಡುವ ಮುಂಚೆ ಇಬ್ಬರಿಗೂ ಸೋಂಪು.

ಈ ಸಲ ಇಂದಿರಾನಗರದಿಂದ ಶುರು. ಒಂದು ಕಾಲಕ್ಕೆ ಕಾಂಪೌಂಡು, ಮಾವಿನ ಮರ, ನಾಯಿ ಇದ್ದ ಮನೆಗಳೆಲ್ಲ ಈಗ ಪಬ್ಬು, ಕೆಫೆ. ಯಾರದೋ ಮಲಗುವ ಕೋಣೆಯಾಗಿದ್ದಿರಬಹುದಾದ ಕಡೆ ಕೂತು ಮೆನು ಕೇಳಿದೆವು. ಹುಡುಗ ಮೇಜಿನ ಮೇಲಿನ ಚೌಕ ತೋರಿಸಿ, "ಸ್ಕ್ಯಾನ್ ಮಾಡಿ ಸರ್" ಅಂದ.

"ಹೋದ ತಿಂಗಳಷ್ಟೇ ಮಾಡಿಸಿದೀನಪ್ಪಾ," ಅಂದ ನನ್ನ ಗೆಳೆಯ. "ಲಿವರ್ ಸ್ವಲ್ಪ ದಪ್ಪ ಆಗಿದೆಯಂತೆ."

ಹಿಂದೆ ನಾವು ಮೆನುವಿನ ಬಲಬದಿಯನ್ನಷ್ಟೇ ಓದುತ್ತಿದ್ದೆವು, ರೇಟಿಗಾಗಿ. ಈಗ ಎಡಬದಿ: ಇದರಲ್ಲಿ ಮೈದಾ ಇದೆಯಾ, ಸಕ್ಕರೆ ಎಷ್ಟು? ಆಗ ದುಡ್ಡಿಲ್ಲವೆಂದು ಒಂದು ಪ್ಲೇಟಿಗೆ ಎರಡು ಚಮಚ ಕೇಳಿದ್ದು, ಈಗ ಡಾಕ್ಟರ ಭಯಕ್ಕೆ. ನಡುವೆ ದುಡ್ಡೂ ಹಸಿವೂ ಕೂಡಿ ಬಂದ ವರ್ಷಗಳು ಇದ್ದೇ ಇದ್ದವು. ಆದರೆ ಆ ವರ್ಷಗಳಲ್ಲಿ ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಹಲಸೂರಿನಲ್ಲಿ ಸೋಮೇಶ್ವರನಿಗೆ ಕೈಮುಗಿದು ಬೈಟು ಕಾಫಿ ಕುಡಿದೆವು. ಸಂಜೆಗೆ ಶಿವಾಜಿನಗರ. 1927ರ ರಸೆಲ್ ಮಾರ್ಕೆಟ್ಟಿನ ಎದುರು ಹಣ್ಣಿನ ಗಾಡಿಗಳ ಗದ್ದಲ, ಗಲ್ಲಿಯ ಒಳಗಿಂದ ಸೀಖ್ ಕಬಾಬಿನ ಹೊಗೆ. ಹೊಗೆಗೆ ಕೊಲೆಸ್ಟ್ರಾಲ್ ಇಲ್ಲ ಎಂದು ಅವನು ಅಲ್ಲೇ ಹತ್ತು ನಿಮಿಷ ನಿಂತ. ಕೊನೆಗೆ ಒಂದೇ ಒಂದು ತಿಂದ. "ಮನೇಲಿ ಹೇಳ್ಬೇಡ ಕಣೋ." ನಾನು ಶೀರ್ಮಾಲ್ ಮುರಿದು ಸುಲೈಮಾನಿಯ ಜೊತೆ ತಿಂದೆ. ಸಾಕ್ಷಿಗೆ ಸಾಕ್ಷಿ ವಜಾ.

ಬಿಲ್ಲು ಬಂದಾಗ ಕಾಲೇಜಿನ ದಿನಗಳಲ್ಲಿ ಇಬ್ಬರಿಗೂ ಕೈತೊಳೆಯುವ ಅವಸರ. ಈಗ ಇಬ್ಬರಿಗೂ ಫೋನು ತೆಗೆಯುವ ಅವಸರ. ಅವನೇ ಗೆದ್ದ.

"ಮುಂದಿನ ಸಲ ನೀನು ಕೊಡು."

"ಹೋದ ಸಲಾನೂ ಹೀಗೇ ಅಂದಿದ್ದೆ. ನನ್ನ ಲೆಕ್ಕ ಎಷ್ಟಾಯ್ತೋ?"

"ನನ್ನ ಪ್ರಕಾರ ನಾನೇ ನಿನಗೆ ಕೊಡ್ಬೇಕು. ಆಲ್ಬರ್ಟ್ ಬೇಕರಿ ಬಾಕಿ ಹಾಗೇ ಇದೆಯಲ್ಲ?"

ನನ್ನ ಪ್ರಕಾರ ಬಾಕಿ ನನ್ನದು. ಲೆಕ್ಕ ತಾಳೆ ನೋಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಚುಕ್ತಾ ಆಗಿಬಿಟ್ಟರೆ ಮುಂದಿನ ದಂಡಯಾತ್ರೆಗೆ ಮನೆಯಲ್ಲಿ ಏನು ಕಾರಣ ಹೇಳುವುದು?