ಇಳಿಜಾರಿನ ಪಾಠ

ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಲೋಕರೂಢಿಯ ಮಾತು. ಬೆಟ್ಟವನ್ನು ಏರುವವನ ಕಾಲು ಸೋಲುತ್ತದೆ, ಉಸಿರು ಕಟ್ಟುತ್ತದೆ. ಇಳಿಯುವವನನ್ನಾದರೋ ಭೂಮಿಯೇ ತನ್ನತ್ತ ಸೆಳೆದುಕೊಳ್ಳುತ್ತದೆ. ಆದರೆ ಬೆಟ್ಟದ ಹಾದಿಯಲ್ಲಿ ಸೈಕಲ್ಲನ್ನು ಇಳಿಸಿ ಬಲ್ಲವರು ಈ ಮಾತನ್ನು ಒಪ್ಪಲಾರರು. ಏರುವಾಗ ತಪ್ಪಿದರೆ ಸೈಕಲ್ಲು ನಿಂತುಬಿಡುತ್ತದೆ. ಇಳಿಯುವಾಗ ತಪ್ಪಿದರೆ ಅದು ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರದ ಯುವಕನೊಬ್ಬನು ಈ ಸತ್ಯವನ್ನು ಅರಿತದ್ದು ಹೊರದೇಶದ ಪರ್ವತವೊಂದರ ಪ್ರವಾಸಕ್ಕೆ ಸಿದ್ಧನಾಗುತ್ತಿದ್ದ ಕಾಲದಲ್ಲಿ.

ಅವನದು ನೇಕಾರರ ಮನೆ. ಆ ಊರಿನ ಅನೇಕ ಬೀದಿಗಳಲ್ಲಿರುವಂತೆ ಆ ಮನೆಯಲ್ಲಿಯೂ ಮುಂಜಾನೆಯಿಂದಲೇ ವಿದ್ಯುತ್ ಮಗ್ಗದ ಸದ್ದು. ತಂದೆ ಮಗ್ಗ ನಡೆಸುತ್ತಿದ್ದರು. ಮಗ ಊರಿನ ಹೊರಗಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಊರಿನ ಈಶಾನ್ಯಕ್ಕೆ ನಂದಿಬೆಟ್ಟ ನಿಂತಿದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ, ಅಲ್ಲಿ ಹುಟ್ಟುವ ಅರ್ಕಾವತಿ ನದಿ ಇಳಿದು ಬರುವುದು ದೊಡ್ಡಬಳ್ಳಾಪುರದ ಸೀಮೆಗೆ. ರಜಾದಿನಗಳ ಬೆಳಗಿನಲ್ಲಿ ಬೆಂಗಳೂರಿನಿಂದಲೂ ಸುತ್ತಲಿನ ಊರುಗಳಿಂದಲೂ ಸೈಕಲ್ ಸವಾರರು ಅದರ ತಿರುವುಗಳನ್ನು ಏರಲು ಬರುತ್ತಾರೆ. ಯುವಕನು ಅವರ ನಡುವೆ ಬೆಳೆದವನು. ಆದರೆ ಅವನ ಮನಸ್ಸು ಸೋತದ್ದು ಏರುವ ಆಟಕ್ಕಲ್ಲ, ಕಲ್ಲು ಮಣ್ಣಿನ ಹಾದಿಯಲ್ಲಿ ಇಳಿಯುವ ಆಟಕ್ಕೆ.

ಈ ಆಟದ ಇತಿಹಾಸ ದೀರ್ಘವಾದುದಲ್ಲ. 1976ರ ಅಕ್ಟೋಬರ್ 21ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಕೆಲವು ಗೆಳೆಯರು ಹಳೆಯ ಭಾರವಾದ ಸೈಕಲ್ಲುಗಳನ್ನೇರಿ ಗುಡ್ಡದ ಮಣ್ಣು ಹಾದಿಯಲ್ಲಿ ಪಂದ್ಯ ನಡೆಸಿದರು. ಹಾದಿಯು ಸುಮಾರು 1,300 ಅಡಿ ಕೆಳಗಿಳಿಯುತ್ತಿತ್ತು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಗಾಲಿಯ ಗುಂಬದೊಳಗೆ ಇರುತ್ತಿತ್ತು. ಒಮ್ಮೆ ಇಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹೊಸ ಗ್ರೀಸು ತುಂಬಬೇಕಾಗಿತ್ತು. ಮತ್ತೆ ತುಂಬುವುದು ಎಂಬ ಅರ್ಥದ 'ರೀಪ್ಯಾಕ್' ಎಂಬ ಹೆಸರೇ ಆ ಪಂದ್ಯಕ್ಕೂ ಹಾದಿಗೂ ನಿಂತಿತು. ಅಲ್ಲಿಂದ ಬೆಳೆದ ಪರ್ವತ ಸೈಕಲ್ ಕ್ರೀಡೆಯ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆಯಿತು. ವೇಗಕ್ಕಾಗಿ ಹುಟ್ಟಿದ ಆಟಕ್ಕೆ ಮೊದಲ ಹೆಸರು ಬಂದದ್ದು ಬ್ರೇಕಿನಿಂದ ಎಂಬುದು ಗಮನಾರ್ಹವಾದ ಸಂಗತಿ.

ಯುವಕನು ಆರಿಸಿಕೊಂಡ ದೇಶ ನೇಪಾಳ. ಅಲ್ಲಿ ಧವಳಗಿರಿ, ಅನ್ನಪೂರ್ಣ ಎಂಬ ಎಂಟು ಸಾವಿರ ಮೀಟರಿಗೂ ಮಿಗಿಲಾದ ಎರಡು ಪರ್ವತಗಳ ನಡುವೆ ಕಾಳಿ ಗಂಡಕಿ ನದಿ ಹರಿಯುತ್ತದೆ. ಸುಮಾರು 3,700 ಮೀಟರ್ ಎತ್ತರದ ಮುಕ್ತಿನಾಥದಿಂದ ಹೊರಟು, ಆ ಕಣಿವೆಯ ಗುಂಟ ಸುಮಾರು 1,200 ಮೀಟರ್ ಎತ್ತರದ ತಾತೋಪಾನಿಯವರೆಗೆ ಇಳಿಯುವುದು ಅವನ ಯೋಜನೆ. ನಂದಿಬೆಟ್ಟದ ರಸ್ತೆಯ ಇಳಿತ ಐನೂರು ಮೀಟರಿಗೂ ಕಡಿಮೆ. ಎಂದರೆ ಒಂದರ ಕೆಳಗೊಂದು ಐದು ನಂದಿಬೆಟ್ಟಗಳನ್ನು ನಿಲ್ಲಿಸಿ ಇಳಿದರೂ ಆ ಹಾದಿ ಮುಗಿಯದು. ಮಗನು ಈ ಲೆಕ್ಕವನ್ನು ಹೇಳಿದಾಗ ತಾಯಿಯ ಮುಖ ಬಾಡಿತು. ಆದರೆ ಮುಕ್ತಿನಾಥದ ಹೆಸರು ಕೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ನೂರೆಂಟು ಧಾರೆಗಳಿವೆಯಂತೆ. ಹೋಗುವುದೇ ಆದರೆ ಒಂದು ಶೀಶೆಯಲ್ಲಿ ತೀರ್ಥ ತಾ ಮಗನೇ" ಎಂದರು. ಅದು ಅನುಮತಿಯೂ ಹೌದು, ಮರಳಿ ಬಾ ಎಂಬ ಆಜ್ಞೆಯೂ ಹೌದು.

ಜೂನ್ ತಿಂಗಳಲ್ಲಿ ಅಭ್ಯಾಸ ಆರಂಭವಾಯಿತು. ಕಾಡಿನ ಹಾದಿಗಳಿಗೆ ಅರಣ್ಯ ಇಲಾಖೆಯ ಅಪ್ಪಣೆ ಬೇಕಾದುದರಿಂದ ಅವನು ಘಾಟಿ ಸುಬ್ರಹ್ಮಣ್ಯದ ಕಡೆಯ ಬಂಡಿಜಾಡುಗಳನ್ನೂ ಹಳ್ಳಿಗಳ ಕೊರಕಲು ಹಾದಿಗಳನ್ನೂ ಆರಿಸಿಕೊಂಡನು. ಇಳಿಜಾರಿನ ವಿದ್ಯೆಗೆ ಅದರದೇ ಆದ ನಿಯಮಗಳಿವೆ. ಸವಾರನು ಆಸನದ ಮೇಲೆ ಕೂರಬಾರದು. ಎರಡು ಪೆಡಲುಗಳನ್ನು ಒಂದೇ ಮಟ್ಟದಲ್ಲಿರಿಸಿ, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಮಡಿಸಿ ನಿಲ್ಲಬೇಕು. ಕಡಿದಾದ ಇಳಿಜಾರಿನಲ್ಲಿ ದೇಹದ ಭಾರವನ್ನು ಹಿಂದಕ್ಕೆ ಸರಿಸಬೇಕು. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಹಾದಿಯ ದೂರದ ತುದಿಯ ಮೇಲಿರಬೇಕು. ವೇಗವನ್ನು ತಗ್ಗಿಸಬೇಕಾದುದು ತಿರುವಿನೊಳಗಲ್ಲ, ತಿರುವಿಗೆ ಮೊದಲು. ಬ್ರೇಕನ್ನು ಎಡೆಬಿಡದೆ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒತ್ತುತ್ತ, ಬಿಡುತ್ತ ಇಳಿಯಬೇಕು. ಇವೆಲ್ಲವನ್ನೂ ಅವನು ಓದಿ ತಿಳಿದಿದ್ದ. ಓದಿದ್ದು ಕೈಗೆ ಬರುವುದಕ್ಕೆ ಮಾತ್ರ ಕಾಲ ಬೇಕಾಗಿತ್ತು.

ಕೆಲವೇ ವಾರಗಳಲ್ಲಿ ವೇಗ ಬಂದಿತು. ವೇಗದೊಂದಿಗೆ ಗರ್ವವೂ ಬಂದಿತು. ಸೈಕಲ್ಲಿನ ಭಾರ ತಗ್ಗಿಸಬೇಕೆಂದು ಅವನು ಅದರ ಗಂಟೆಯನ್ನು ಕಳಚಿ ಮನೆಯ ಗೂಡಿನಲ್ಲಿಟ್ಟನು. ಜುಲೈ ತಿಂಗಳ ಒಂದು ಮುಂಜಾನೆ, ಸೋನೆಮಳೆ ಬಿದ್ದು ನೆಲ ನೆನೆದಿತ್ತು. ಬಂಡಿಜಾಡಿನ ತಿರುವನ್ನು ದಾಟುತ್ತಲೇ ಎದುರಿಗೆ ಕುರಿಮಂದೆ. ಅದರ ನಡುವೆ ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗ. ಗಾಬರಿಯಲ್ಲಿ ಅವನ ಕೈ ಮುಂದಿನ ಬ್ರೇಕನ್ನು ಬಲವಾಗಿ ಒತ್ತಿತು. ಮುಂದಿನ ಗಾಲಿ ಸ್ತಂಭಿಸಿತು. ಹಿಂದಿನ ಗಾಲಿ ಮೇಲೆದ್ದಿತು. ಸವಾರನು ಹ್ಯಾಂಡಲನ್ನು ದಾಟಿ ಮಣ್ಣಿಗೆ ಬಿದ್ದನು. ಶಿರಸ್ತ್ರಾಣ ತಲೆಯನ್ನು ಕಾಯಿತು. ಎಡಗೈ ಮಣಿಕಟ್ಟು ಉಳುಕಿತು. ದೈವವಶಾತ್ ಹುಡುಗನಿಗೂ ಕುರಿಗಳಿಗೂ ಏನೂ ಆಗಲಿಲ್ಲ.

ಹುಡುಗ ಓಡಿಬಂದು ಅವನನ್ನು ಎಬ್ಬಿಸಿ ಕೂರಿಸಿದ. ಬಳಿಕ ಸೈಕಲ್ಲನ್ನು ಒಮ್ಮೆ ನೋಡಿ, "ಅಣ್ಣಾ, ಇಷ್ಟು ದೊಡ್ಡ ಸೈಕಲ್ಲಿಗೆ ಒಂದು ಬೆಲ್ಲೂ ಇಲ್ಲವಾ?" ಎಂದು ಕೇಳಿದ. ಯುವಕನಲ್ಲಿ ಉತ್ತರವಿರಲಿಲ್ಲ. ಆ ಹಾದಿ ತನ್ನ ಆಟಕ್ಕೆಂದು ಮಾಡಿದ್ದಲ್ಲ; ಕುರಿ ಕಾಯುವವರೂ ಹುಲ್ಲು ಹೊರುವವರೂ ಶಾಲೆಗೆ ಹೋಗುವ ಮಕ್ಕಳೂ ದಿನನಿತ್ಯ ನಡೆಯುವ ಹಾದಿ ಎಂಬುದು ಅವನಿಗೆ ಆಗ ಹೊಳೆಯಿತು. ನೇಪಾಳದ ಹಾದಿಯೂ ಅಂಥದೇ ಅಲ್ಲವೆ? ಅಲ್ಲಿಯೂ ಯಾರದೋ ಊರು, ಯಾರದೋ ಮಂದೆ, ಯಾರದೋ ಮಕ್ಕಳು.

ವೈದ್ಯರು ಮೂರು ವಾರ ಸೈಕಲ್ಲು ಮುಟ್ಟಬಾರದೆಂದರು. ಮನೆಯಲ್ಲಿ ಯಾರೂ ಗದರಿಸಲಿಲ್ಲ; ಅದೇ ಅವನಿಗೆ ಹೆಚ್ಚು ನೋವಾಯಿತು. ಒಂದು ಸಂಜೆ ಅವನು ಮಗ್ಗದ ಬಳಿ ಕುಳಿತಿದ್ದಾಗ ಹೊಕ್ಕಿನ ಎಳೆ ಹರಿಯಿತು. ಮಗ್ಗ ತಾನಾಗಿ ನಿಂತಿತು. ತಂದೆ ಎಳೆಯನ್ನು ಸರಿಪಡಿಸುತ್ತ ಹೇಳಿದರು: "ನೋಡು ಮಗಾ, ಮಗ್ಗ ಕೊಳ್ಳುವವರು ಅದು ಎಷ್ಟು ಬೇಗ ಓಡುತ್ತದೆ ಎಂದು ಕೇಳುತ್ತಾರೆ. ನೇಯುವವನು ಕೇಳುವುದು ಎಳೆ ಹರಿದೊಡನೆ ನಿಲ್ಲುತ್ತದೆಯೇ ಎಂದು. ನಿಲ್ಲದೆ ಓಡಿದ ಮಗ್ಗ ನೇಯುವುದು ಬಟ್ಟೆಯನ್ನಲ್ಲ, ನಷ್ಟವನ್ನು."

ಆ ಮೂರು ವಾರಗಳು ವ್ಯರ್ಥವಾಗಲಿಲ್ಲ. ಗೆಳೆಯನೊಬ್ಬನ ನೆರವಿನಿಂದ ಅವನು ಸೈಕಲ್ಲನ್ನು ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿತನು. ವಿಮಾನದಲ್ಲಿ ಒಯ್ಯಬೇಕಾದರೆ ಗಾಲಿಗಳನ್ನೂ ಪೆಡಲುಗಳನ್ನೂ ಕಳಚಿ, ಹ್ಯಾಂಡಲನ್ನು ತಿರುಗಿಸಿ, ಟೈರಿನ ಗಾಳಿ ಇಳಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಬೇಕು. ಇಳಿದ ಊರಿನಲ್ಲಿ ಅದೆಲ್ಲವನ್ನೂ ತಾನೇ ಮತ್ತೆ ಸೇರಿಸಬೇಕು. ಒಂದು ತಿರುಪು ಸಡಿಲವಾಗಿದ್ದರೂ ಅದರ ಬೆಲೆ ತೆರಬೇಕಾದುದು ಇಳಿಜಾರಿನಲ್ಲಿ. ಆದುದರಿಂದ ಅವನು ಪ್ರತಿಯೊಂದು ಬಿಡಿಭಾಗದ ಹೆಸರನ್ನೂ ಕ್ರಮವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡನು. ಬ್ರೇಕಿನ ಹೊಸ ಬಿಲ್ಲೆಗಳು, ಎರಡು ಟ್ಯೂಬುಗಳು, ಚೈನಿನ ಕೊಂಡಿ, ಪಂಪು, ಮೊಣಕಾಲಿನ ಕಾಪು, ಗಲ್ಲವನ್ನೂ ಮುಚ್ಚುವ ಶಿರಸ್ತ್ರಾಣ ಇವೆಲ್ಲ ಪಟ್ಟಿಗೆ ಸೇರಿದವು.

ದೇಹದ ಸಿದ್ಧತೆಯೂ ಬೇಕಾಗಿತ್ತು. ಅವನ ಊರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕುಗ್ಗಿ, ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಅವಸರದಿಂದ ಏರಿದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಉಂಟಾಗಬಹುದು. ಆದುದರಿಂದ ಸುಮಾರು 2,700 ಮೀಟರ್ ಎತ್ತರದ ಜೋಮ್‌ಸೋಮ್‌ನಲ್ಲಿ ಎರಡು ರಾತ್ರಿ ತಂಗಿ ಮುಂದುವರಿಯಬೇಕೆಂದು ನಿಶ್ಚಯಿಸಿದನು. ಆ ಕಣಿವೆಯಲ್ಲಿ ಹೊತ್ತೇರಿದ ಮೇಲೆ ಕೆಳಗಿನಿಂದ ಬಿರುಗಾಳಿ ಬೀಸುವುದರಿಂದ ಪ್ರತಿದಿನ ಮುಂಜಾನೆಯೇ ಹೊರಡಬೇಕೆಂದೂ ಬರೆದುಕೊಂಡನು. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ ಗುರುತಿನ ಪತ್ರವೂ, ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶಪತ್ರವೂ ಬೇಕು. ಎತ್ತರದ ಪ್ರದೇಶದ ಅಪಘಾತಕ್ಕೂ ಅನ್ವಯಿಸುವ ವಿಮೆಯನ್ನು ಕೊಂಡನು. ನೋಟುಪುಸ್ತಕದ ಕೊನೆಯ ಪುಟದಲ್ಲಿ ಹೀಗೊಂದು ಸಾಲು ಇತ್ತು: 'ಸಂದೇಹ ಬಂದಲ್ಲಿ ಇಳಿದು ನಡೆಯುವುದು.'

ಮಣಿಕಟ್ಟು ಗುಣವಾದ ಮೇಲೆ ಅವನು ಮೊದಲು ಹೋದದ್ದು ಬಿದ್ದ ಹಾದಿಗೇ. ಈ ಬಾರಿ ವೇಗವನ್ನು ಅಳೆಯಲಿಲ್ಲ. ತಿರುವಿಗೆ ಮೊದಲು ಎಲ್ಲಿ ನಿಲ್ಲಬಲ್ಲೆ ಎಂಬುದನ್ನು ಅಳೆದನು. ಗೂಡಿನಲ್ಲಿದ್ದ ಗಂಟೆ ಮತ್ತೆ ಹ್ಯಾಂಡಲಿಗೆ ಬಂದಿತ್ತು.

ಅಕ್ಟೋಬರಿನ ಒಂದು ನಸುಕಿನಲ್ಲಿ ತಂದೆ ಮಗ ಇಬ್ಬರೂ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದರು. 2008ರಲ್ಲಿ ಆ ನಿಲ್ದಾಣ ಆರಂಭವಾದಂದಿನಿಂದ ತಂದೆ ವಿಮಾನಗಳನ್ನು ಮನೆಯಂಗಳದಿಂದ ನೋಡಿದ್ದರೇ ಹೊರತು ಅದರ ಬಾಗಿಲವರೆಗೆ ಬಂದಿರಲಿಲ್ಲ. ಉತ್ತರದಲ್ಲಿ ನಂದಿಬೆಟ್ಟದ ಬೆನ್ನು ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಅವರು ಮಗನಿಗೆ ಬೇರೇನೂ ಹೇಳಲಿಲ್ಲ. ರಟ್ಟಿನ ಪೆಟ್ಟಿಗೆಯನ್ನು ಒಮ್ಮೆ ಮೆಲ್ಲಗೆ ಅಲುಗಿಸಿದರು. ಒಳಗಿನಿಂದ ಗಂಟೆ 'ಟಿಣ್' ಎಂದಿತು. ಅವರ ಮುಖದಲ್ಲಿ ನೆಮ್ಮದಿ ಮೂಡಿತು.

"ಹೋಗಿ ಬಾ" ಎಂದರು.