ಮಗಳ ಜೊತೆ ಗುಡ್ಡ ಹತ್ತಿದ ದಿನ

ಮಗಳು ಪಿ.ಯು.ಸಿ. ಮುಗಿಸಿದಾಗ ನಿಮ್ಮ ಮನೆಯಲ್ಲೂ ಒಂದು ಸಣ್ಣ ಸಂಸತ್ತು ಸೇರಿರಬಹುದು. ಕಳೆದ ವರ್ಷ ನಮ್ಮ ಮನೆಯಲ್ಲೂ ಸೇರಿತು. ಬಿ.ಬಿ.ಎ. ಮಾಡುತ್ತೇನೆ, ಅದರಲ್ಲಿ ಬಿಸಿನೆಸ್ ಅನಾಲಿಟಿಕ್ಸ್ ಓದುತ್ತೇನೆ ಎಂದಳು ಮಗಳು. "ವ್ಯಾಪಾರ ಕಲಿಯಲು ಕಾಲೇಜು ಯಾಕೆ? ಅವಳ ಬಾಪನ ಅಂಗಡಿ ಇಲ್ಲವೇ?" ಎಂದರು ನನ್ನ ಅತ್ತೆ. ಪಕ್ಕದ ಮನೆಯವರ ಪ್ರಶ್ನೆ ಬೇರೆಯೇ ಇತ್ತು: "ಕ್ರಿಶ್ಚಿಯನ್ ಕಾಲೇಜಂತೆ, ಹೌದಾ?"

ಎರಡು ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ನಾನು ಮದ್ರಸದಲ್ಲಿ ಓದಿದವಳು. 1998ರಲ್ಲಿ ಪಿ.ಯು.ಸಿ. ಪಾಸಾದಾಗ ಮಂಗಳೂರಿನ ಕಾಲೇಜಿಗೆ ಹೋಗುವ ಆಸೆ ನನಗೂ ಇತ್ತು. ಆದರೆ ನನ್ನ ತಂದೆಗೆ ಅಷ್ಟು ದೂರ ಕಳಿಸುವ ಧೈರ್ಯ ಬರಲಿಲ್ಲ. ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಅಂಚೆ ಮೂಲಕ ಬಿ.ಎ. ಮಾಡಿಕೊಂಡೆ. ಕಾಲೇಜಿನ ಬೆಂಚಿನ ಮೇಲೆ ನಾನು ಕೂತದ್ದು ಪರೀಕ್ಷೆ ಬರೆಯುವಾಗ ಮಾತ್ರ. ಆದ್ದರಿಂದ ಮೇ ತಿಂಗಳ ಒಂದು ಬೆಳಿಗ್ಗೆ ನಾನೇ ಮಗಳನ್ನು ಕರೆದುಕೊಂಡು ಹೊರಟೆ. ಬೇಡ ಎನ್ನುವುದಾದರೂ ನೋಡಿ ಬಂದು ಎನ್ನೋಣ ಎಂದುಕೊಂಡೆ.

ಉಪ್ಪಿನಂಗಡಿಯಲ್ಲಿ ಸರಕಾರಿ ಬಸ್ಸು ಹತ್ತಿದೆವು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದಾಗಿ ನಮ್ಮಿಬ್ಬರ ಕೈಗೂ ಶೂನ್ಯ ದರದ ಟಿಕೆಟ್ ಬಂತು. ಮಾಣಿ, ಕಲ್ಲಡ್ಕ, ಬಿ.ಸಿ. ರೋಡು ದಾಟಿ ಬಸ್ಸು ಫರಂಗಿಪೇಟೆಗೆ ಬಂದಾಗ ಮಗಳು ಕೇಳಿದಳು: "ಉಮ್ಮಾ, ಫರಂಗಿ ಅಂದರೆ ಪರದೇಶಿಯಲ್ಲವಾ?" ಹೌದು, ಪೋರ್ಚುಗೀಸರ ಕಾಲದಿಂದಲೂ ಈ ದಾರಿಯಲ್ಲಿ ಕ್ರೈಸ್ತರಿದ್ದಾರೆ. ಇದೇ ದಾರಿಯಲ್ಲಿ ನಮ್ಮ ಬ್ಯಾರಿಗಳೂ ಇದ್ದಾರೆ. ಒಂದೇ ಮೀನು ಮಾರುಕಟ್ಟೆ, ಒಂದೇ ಬಸ್ಸು. ಆದರೂ ಅವರ ಶಾಲೆಯೊಳಗೆ ಏನಿದೆ ಎಂದು ತಿಳಿಯದೆ ನಾನು ನಲವತ್ತೈದು ವರ್ಷ ಕಳೆದಿದ್ದೆ.

ಜ್ಯೋತಿಯಲ್ಲಿ ಇಳಿದಾಗ ಕಾಲೇಜಿನವರು ಹೇಳಿದ ಹೊತ್ತಿಗೆ ಇನ್ನೂ ಎರಡು ಗಂಟೆಯಿತ್ತು. ನಡೆಯುತ್ತಾ ಲೈಟ್‌ಹೌಸ್ ಹಿಲ್ ಹತ್ತಿದೆವು. ಹೈದರಾಲಿ ಕಟ್ಟಿಸಿದ್ದೆಂದು ಜನ ಹೇಳುವ ಹಳೆಯ ದೀಪಸ್ತಂಭ ಅಲ್ಲಿದೆ. ಸುತ್ತ ಟಾಗೋರ್ ಪಾರ್ಕ್. ಅಲ್ಲಿ ನಿಂತರೆ ಹೆಂಚಿನ ಮಾಡುಗಳ ಆಚೆ ಸಮುದ್ರ ಕಾಣುತ್ತದೆ. ಆ ಹೆಂಚಿಗೂ ಈ ಕಥೆಗೂ ಸಂಬಂಧವಿದೆ. ಜರ್ಮನಿ, ಸ್ವಿಟ್ಜರ್‌ಲೆಂಡ್ ಕಡೆಯ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಶಾಲೆ ತೆರೆದರು, ಮುದ್ರಣಾಲಯ ಇಟ್ಟರು, ಹೆಂಚಿನ ಕಾರ್ಖಾನೆ ಹಾಕಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ ಹೊರತಂದದ್ದು 1843ರಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ನೀವು ಈಗ ಕೈಯಲ್ಲಿ ಹಿಡಿದಿರುವಂಥ ಕನ್ನಡ ಮಾಸಿಕಗಳಿಗೆಲ್ಲ ಹಿರಿಯಕ್ಕ ಹುಟ್ಟಿದ್ದು ಈ ಊರಿನಲ್ಲಿ.

ಅದೇ ಗುಡ್ಡದ ಮೇಲೆ ಸಂತ ಅಲೋಶಿಯಸ್ ಇದೆ. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಶುರುಮಾಡಿದ ಕಾಲೇಜು. 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅದರ ಚಾಪೆಲ್ ನೋಡಲು ಹೊರ ಊರಿನವರೂ ಬರುತ್ತಾರೆ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೋ ಮೊಸ್ಕೇನಿ ಎಂಬವರು ಅದರ ಗೋಡೆ, ಮಾಡಿನ ಒಳಮೈಯನ್ನೆಲ್ಲ ಚಿತ್ರಗಳಿಂದ ತುಂಬಿದ್ದಾರೆ. ನೂರಾ ಇಪ್ಪತ್ತು ವರ್ಷ ದಾಟಿದರೂ ಬಣ್ಣ ಉಳಿದಿದೆ. ನಮ್ಮ ಆರಾಧನೆಯಲ್ಲಿ ಚಿತ್ರಗಳಿಲ್ಲ. ನಾವು ಅತಿಥಿಗಳಂತೆ ಮೌನವಾಗಿ ನೋಡಿ ಬಂದೆವು. ಅಲೋಶಿಯಸ್ ಎಂಬ ಆ ಸಂತನ ಬದುಕು ಅಲ್ಲಿ ಚಿತ್ರವಾಗಿದೆ. ಶ್ರೀಮಂತ ಮನೆತನದ ಹಿರಿಯ ಮಗ, ಆಸ್ತಿಯ ಹಕ್ಕನ್ನು ಬಿಟ್ಟುಕೊಟ್ಟವನು. ರೋಮ್ ನಗರದಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗಿಳಿದು, 1591ರಲ್ಲಿ ತನ್ನ 23ನೇ ವಯಸ್ಸಿನಲ್ಲಿ ತೀರಿಕೊಂಡ. "ಇಷ್ಟು ಸಣ್ಣ ಪ್ರಾಯದಲ್ಲಿ!" ಎಂದಳು ಮಗಳು. ರೋಗಿಯ ಸೇವೆಗೆ ಯಾವ ಧರ್ಮದಲ್ಲಿ ಬೆಲೆಯಿಲ್ಲ ಹೇಳಿ?

ಮಗಳು ಸೇರಬೇಕೆಂದಿದ್ದ ಕಾಲೇಜು ಬೇರೆ, ಅದೂ ಕ್ರೈಸ್ತರದ್ದೇ. ಹೆಸರು ಹೇಳಿದರೆ ಜಾಹೀರಾತು ಆದೀತೆಂದು ಬಿಡುತ್ತೇನೆ. ದಾರಿಯಲ್ಲಿ ಬೆಂದೂರಿನ ಸಂತ ಆಗ್ನೆಸ್ ಕಾಲೇಜಿನ ಮಾತು ಬಂತು. ಹೆಣ್ಣುಮಕ್ಕಳಿಗಾಗಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ತೆರೆದ ಕಾಲೇಜದು. ನಾನು ಆಸೆಪಟ್ಟಿದ್ದು ಅದಕ್ಕೇ. ಮಗಳಿಗೆ ಅದನ್ನು ಮೊದಲ ಬಾರಿ ಹೇಳಿದೆ. ಅವಳು ಮಾತಾಡಲಿಲ್ಲ, ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

ಪ್ರವೇಶ ವಿಭಾಗದಲ್ಲಿ ಒಬ್ಬರು ವಯಸ್ಸಾದ ಸಿಸ್ಟರ್ ಇದ್ದರು. ನಾನು ಸುತ್ತಿಬಳಸದೆ ಮೂರು ವಿಷಯ ಕೇಳಿದೆ. ತಲೆವಸ್ತ್ರದ ಬಗ್ಗೆ ನಿಯಮವೇನು? 2022ರ ಆ ದಿನಗಳಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ಮಕ್ಕಳನ್ನು ಕಂಡ ಯಾವ ತಾಯಿ ತಾನೇ ಈ ಪ್ರಶ್ನೆ ಕೇಳದಿರುತ್ತಾಳೆ? ಸಿಸ್ಟರ್ ನಿಯಮದ ಹಾಳೆಯನ್ನೇ ನನ್ನ ಮುಂದಿಟ್ಟು, ಸಮವಸ್ತ್ರದ ಬಣ್ಣದ ಸ್ಕಾರ್ಫ್ ಹಾಕಬಹುದೆಂದು ತೋರಿಸಿದರು. ಧರ್ಮಬೋಧೆ ಕಡ್ಡಾಯವೇ? ಇಲ್ಲ, ಅದು ಕ್ರೈಸ್ತ ಮಕ್ಕಳಿಗೆ. ಅದೇ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣ. ಮೂರನೆಯದು, ಈ ಅನಾಲಿಟಿಕ್ಸ್ ಎಂದರೇನು?

ಮೂರನೆಯದಕ್ಕೆ ಅವರು ಲೆಕ್ಕದ ಲೆಕ್ಚರರ್ ಒಬ್ಬರನ್ನು ಕರೆಸಿದರು. ಆ ಹುಡುಗಿ ಸರಳವಾಗಿ ವಿವರಿಸಿದಳು. "ಟೀಚರ್, ಅಂಗಡಿಯಲ್ಲಿ ಏನಾಯಿತು ಎಂದು ಹೇಳುವುದು ಮೊದಲ ಹಂತ. ಯಾಕಾಯಿತು ಎಂದು ಹುಡುಕುವುದು ಎರಡನೆಯದು. ಮುಂದೆ ಏನಾಗಬಹುದು ಎಂದು ಅಂದಾಜಿಸುವುದು ಮೂರನೆಯದು. ಹಾಗಾದರೆ ಏನು ಮಾಡಬೇಕು ಎಂದು ತೀರ್ಮಾನಿಸುವುದು ಕೊನೆಯದು." ಅದಕ್ಕಾಗಿ ಸಂಖ್ಯಾಶಾಸ್ತ್ರ, ಲೆಕ್ಕಪತ್ರ, ಮಾರುಕಟ್ಟೆಯ ಪಾಠಗಳಿವೆ. ಎಕ್ಸೆಲ್, ಎಸ್‌ಕ್ಯುಎಲ್, ಪೈಥಾನ್ ಎಂಬ ಕಂಪ್ಯೂಟರ್ ಸಾಧನಗಳನ್ನೂ ಕಲಿಸುತ್ತಾರೆ.

ಆಗ ನನಗೆ ಮದ್ರಸದ ಫರಾಯಿಝ್ ಪಾಠ ನೆನಪಾಯಿತು. ವಾರಸು ಹಂಚುವ ಆ ಲೆಕ್ಕ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಬ್ಬ ವ್ಯಕ್ತಿ ತೀರಿಕೊಂಡು ಹೆಂಡತಿ, ತಾಯಿ, ಒಬ್ಬ ಮಗ ಉಳಿದರೆ, ಹೆಂಡತಿಗೆ ಎಂಟರಲ್ಲಿ ಒಂದು, ತಾಯಿಗೆ ಆರರಲ್ಲಿ ಒಂದು. ಆಸ್ತಿಯನ್ನು 24 ಪಾಲು ಮಾಡಿ, 3 ಪಾಲು ಹೆಂಡತಿಗೆ, 4 ಪಾಲು ತಾಯಿಗೆ, ಉಳಿದ 17 ಮಗನಿಗೆ. ಉಸ್ತಾದರು ಬೋರ್ಡಿನ ಮೇಲೆ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇದನ್ನು ಹೇಳಿದಾಗ ಆ ಲೆಕ್ಚರರ್ ಖುಷಿಯಿಂದ ಎದ್ದೇ ನಿಂತಳು. ಒಂಬತ್ತನೇ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿಯವರ ಹೆಸರಿನಿಂದಲೇ ಕಂಪ್ಯೂಟರಿನವರು ದಿನವೂ ಹೇಳುವ ಅಲ್ಗಾರಿದಮ್ ಎಂಬ ಮಾತು ಬಂದದ್ದು, ಅವರ ಗ್ರಂಥದ ಹೆಸರಿನಿಂದ ಆಲ್ಜಿಬ್ರಾ ಬಂದದ್ದು ಎಂದಳು. ಆ ಗ್ರಂಥದ ದೊಡ್ಡ ಭಾಗ ಇದೇ ವಾರಸಿನ ಲೆಕ್ಕ ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಅದು ಹೊಸತು. ಅಲ್ಲಿಗೆ ನಮ್ಮಿಬ್ಬರ ಲೆಕ್ಕ ಸರಿಹೋಯಿತು.

ಅಷ್ಟರಲ್ಲಿ ಲುಹರ್ ಹೊತ್ತಾಗಿತ್ತು. ಕೇಳಲು ಸಂಕೋಚವಾಯಿತು, ಆದರೂ ಕೇಳಿದೆ. ಸಿಸ್ಟರ್ ಒಂದು ಖಾಲಿ ತರಗತಿಯ ಬಾಗಿಲು ತೆರೆದು, ಫ್ಯಾನ್ ಹಾಕಿ, "ನಿಧಾನವಾಗಿ ಬನ್ನಿ" ಎಂದು ಹೊರಗೆ ಕೂತರು. ಸಂಜೆ ಊರಿಗೆ ಮರಳುವಾಗ ನನ್ನ ಬ್ಯಾಗಿನಲ್ಲಿ ಪ್ರವೇಶದ ಅರ್ಜಿಯಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಮೊದಲ ವರ್ಷದ ರಜೆಯಲ್ಲಿ ಬಂದ ಮಗಳು ಬಾಪನ ಅಂಗಡಿಯ ಆರು ತಿಂಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದಳು. ಸಂತೆಯ ದಿನ ಜನ ಹೆಚ್ಚೆಂದು ಇವರು ಬನ್ನು, ಬ್ರೆಡ್ಡು ಹೆಚ್ಚು ತರಿಸುತ್ತಿದ್ದರು. ಆದರೆ ಅತಿ ಹೆಚ್ಚು ಉಳಿದು ಹಾಳಾಗುತ್ತಿದ್ದದ್ದು ಅಂದೇ. ಸಂತೆಗೆ ಬಂದವರು ಹೋಟೆಲಿನಲ್ಲಿ ತಿಂದು ಹೋಗುತ್ತಾರೆ, ಬನ್ನು ಕೊಳ್ಳುವುದಿಲ್ಲ! ಇಪ್ಪತ್ತು ವರ್ಷ ಅಂಗಡಿ ನಡೆಸಿದವರಿಗೆ ಕಾಣದ್ದು ಮಗಳಿಗೆ ಕಂಡಿತು. ಅತ್ತೆ ಆ ದಿನ ನೆರೆಮನೆಗೆ ಹೋಗಿ ಇದನ್ನೇ ಹೇಳಿ ಬಂದರು.

ಮರುದಿನ ಅವಳು ಸಾಲದ ಪುಸ್ತಕ ಹಿಡಿದಳು. ಯಾರು ಎಷ್ಟು ದಿನ ತಡಮಾಡುತ್ತಾರೆ ಎಂದು ಪಟ್ಟಿ ಮಾಡಿ, ಕೊನೆಯ ಐದು ಹೆಸರಿಗೆ ಕೆಂಪು ಬಣ್ಣ ಹಚ್ಚಿದಳು. "ಬಾಪಾ, ಇವರಿಗೆ ಸಾಲ ನಿಲ್ಲಿಸಿದರೆ ನಷ್ಟ ಅರ್ಧ ಕಡಿಮೆಯಾಗುತ್ತದೆ." ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೊದಲ ಹೆಸರು ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕುವ ಒಬ್ಬ ವಿಧವೆಯದ್ದು. ನನ್ನ ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ತಡವಾಗುತ್ತದೆ ಎಂದು ನಿನ್ನ ಕಂಪ್ಯೂಟರ್ ಹೇಳಿತು. ಯಾಕೆ ತಡವಾಗುತ್ತದೆ ಎಂದು ಅದನ್ನು ಕೇಳಿದೆಯಾ?"

ಸಹೋದರಿಯರೇ, ಅಲ್ ಬಕರಾ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಸಾಲವನ್ನು ಸರಿಯಾಗಿ ಬರೆದಿಡಬೇಕೆಂಬ ಆಜ್ಞೆ ಅಲ್ಲಿದೆ. ಅದಕ್ಕೆ ಸ್ವಲ್ಪ ಮೊದಲು, ಸಾಲಗಾರ ಕಷ್ಟದಲ್ಲಿದ್ದರೆ ಅವನಿಗೆ ಕಾಲಾವಕಾಶ ಕೊಡಬೇಕೆಂಬ ಆಜ್ಞೆಯೂ ಇದೆ. ಎರಡೂ ಅಕ್ಕಪಕ್ಕ. ಬರೆದಿಡುವುದನ್ನು ಕಾಲೇಜು ನನ್ನ ಮಗಳಿಗೆ ಚೆನ್ನಾಗಿ ಕಲಿಸಿದೆ. ಇನ್ನೊಂದನ್ನು ಕಲಿಸುವ ಹೊಣೆಯನ್ನು ನಾನು ಕಾಲೇಜಿನ ಮೇಲೆ ಹಾಕಿ ಕೂರಲಾರೆ. ಅದು ನಮ್ಮ ಮನೆಯ ಪಾಠ. ಮಗಳು ದೂರ ಹೋದರೆ ಧರ್ಮ ಬಿಟ್ಟಾಳು ಎಂದು ನಾವು ಕಾಲೇಜಿನ ಗೇಟನ್ನು ನೋಡಿ ಹೆದರುತ್ತೇವೆ. ಆದರೆ ನಾಳೆ ಅವಳು ಯಾವುದೋ ಬ್ಯಾಂಕಿನಲ್ಲಿ ಕೂತು ಇಂಥ ಸಾವಿರ ಹೆಸರುಗಳಿಗೆ ಕೆಂಪು ಬಣ್ಣ ಹಚ್ಚುವಾಗ ಆ ವಿಧವೆ ನೆನಪಾಗದಿದ್ದರೆ, ಹೆದರಬೇಕಾದದ್ದು ಅದಕ್ಕಲ್ಲವೇ?

ನಿಮ್ಮ ಮಗಳೂ ಇಂಥ ಕೋರ್ಸು ಕೇಳಿದರೆ ಬೇಡವೆನ್ನುವ ಮೊದಲು ಒಮ್ಮೆ ಅವಳ ಜೊತೆ ಹೋಗಿ ಬನ್ನಿ. ಉಡುಪಿನ ನಿಯಮವನ್ನು ಮೊದಲೇ ಕೇಳಿ, ಬರವಣಿಗೆಯಲ್ಲಿ ನೋಡಿ. ಒಂದೊಂದು ಕಾಲೇಜಿಗೆ ಒಂದೊಂದು ನಿಯಮವಿರುತ್ತದೆ. 2024-25ರಿಂದ ಬಿ.ಬಿ.ಎ. ಕೋರ್ಸು ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿದೆ, ಅದರ ಅನುಮತಿ ಇದೆಯೇ ವಿಚಾರಿಸಿ. ವರ್ಷದ ಶುಲ್ಕ ಮಾತ್ರವಲ್ಲ, ಮೂರು ವರ್ಷದ ಒಟ್ಟು ಶುಲ್ಕ, ಹಾಸ್ಟೆಲ್ ಖರ್ಚು ಕೂಡಿಸಿ ನೋಡಿ. ವಿದ್ಯಾರ್ಥಿವೇತನಕ್ಕೆ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕಿಸಿ.

ನನ್ನ ಮಗಳು ಆ ಪಟ್ಟಿಯನ್ನು ಅಳಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು, ಮೇಲೆ 'ಕಾರಣ' ಎಂದು ಬರೆದಳು. ಅದನ್ನು ತುಂಬಿಸಲು ನಾವಿಬ್ಬರೂ ಆ ಸಂಜೆ ಐದು ಮನೆಗಳಿಗೆ ನಡೆದುಕೊಂಡು ಹೋದೆವು.