ಊರುಗೋಲೋ, ಹಿಮಕೊಡಲಿಯೋ?

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಕಡಲು ಒಳನಾಡಿಗೆ ಚಾಚಿಕೊಂಡಿರುವ ಕಡೆ ಫೋರ್ಟ್ ವಿಲಿಯಂ ಎಂಬ ಪುಟ್ಟ ಪಟ್ಟಣವಿದೆ. ಅದರ ಬೆನ್ನಿಗೇ ಬೆನ್ ನೆವಿಸ್ ನಿಂತಿದೆ. ಎತ್ತರ 1,345 ಮೀಟರ್. ಹಿಮಾಲಯ ಕಂಡವರಿಗೆ ಇದೂ ಒಂದು ಬೆಟ್ಟವೇ ಎನಿಸೀತು. ಆದರೆ ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ನಡಿಗೆ ಹೆಚ್ಚುಕಡಿಮೆ ಕಡಲಮಟ್ಟದಿಂದಲೇ ಆರಂಭವಾಗುವುದರಿಂದ ಅಷ್ಟೂ ಎತ್ತರವನ್ನು ಕಾಲೇ ಏರಬೇಕು. ಚಳಿಗಾಲದಲ್ಲಿ ಕೆಳಗೆ ಕಣಿವೆಯಲ್ಲಿ ಮಳೆ ಜಿನುಗುತ್ತಿದ್ದರೆ ಮೇಲೆ ಹಿಮ ಕಲ್ಲಿನಂತೆ ಗಟ್ಟಿಯಾಗಿರುತ್ತದೆ.

ಚಳಿಗಾಲದಲ್ಲಿ ಮೊದಲ ಬಾರಿ ಇಂಥ ಬೆಟ್ಟ ಹತ್ತಲು ಹೊರಟವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಎರಡರಲ್ಲಿ ಒಂದನ್ನು ಕೊಳ್ಳುವಷ್ಟೇ ದುಡ್ಡಿದ್ದರೆ ಯಾವುದನ್ನು ಕೊಳ್ಳಬೇಕು? ನಡಿಗೆಯ ಊರುಗೋಲನ್ನೋ, ಐಸ್ ಆಕ್ಸ್ ಎಂದು ಕರೆಯುವ ಹಿಮಕೊಡಲಿಯನ್ನೋ?

ಬೆಟ್ಟದ ಕೆಳಭಾಗವನ್ನು ಕೇಳಿದರೆ ಅದು ಊರುಗೋಲಿನ ಪರವಾಗಿಯೇ ಮಾತಾಡುತ್ತದೆ. ಗ್ಲೆನ್ ನೆವಿಸ್ ಕಣಿವೆಯಿಂದ ಮೇಲೇರುವ ಹಾದಿ ಮೂಲತಃ ಕುದುರೆ ದಾರಿ. 1883ರಲ್ಲಿ ಶಿಖರದ ಮೇಲೆ ಹವಾಮಾನ ವೀಕ್ಷಣಾಲಯ ತೆರೆದಾಗ ಸಾಮಾನು ಸಾಗಿಸಲೆಂದು ಮಾಡಿದ್ದು. ಕಲ್ಲು, ಕೆಸರು, ಹರಿಯುವ ತೊರೆ ಇರುವ ಇಂಥ ದಾರಿಯಲ್ಲಿ ಎರಡು ಕೋಲುಗಳೆಂದರೆ ಇನ್ನೆರಡು ಕಾಲುಗಳಿದ್ದಂತೆ. ಇಳಿಯುವಾಗ ಮೊಣಕಾಲಿನ ಭಾರವನ್ನು ತೋಳು ಹಂಚಿಕೊಳ್ಳುತ್ತದೆ. ಮೇಲಿನ ಬಯಲಿನಲ್ಲಿ ಗಾಳಿ ದೂಡಿದಾಗಲೂ ಅವು ಆಸರೆಯಾಗುತ್ತವೆ.

ಸುಮಾರು 570 ಮೀಟರ್ ಎತ್ತರದಲ್ಲಿ ಒಂದು ಸಣ್ಣ ಸರೋವರ ಸಿಗುತ್ತದೆ. ಅಲ್ಲಿಂದ ಮುಂದೆ ರೆಡ್ ಬರ್ನ್ ಎಂಬ ತೊರೆಯನ್ನು ದಾಟಿದ ದಾರಿ ಹಾವಿನಂತೆ ಸುತ್ತಿ ಸುತ್ತಿ ಏರುತ್ತದೆ. ಹಿಮ ಬಿದ್ದು ಹೆಪ್ಪುಗಟ್ಟಿದಾಗ ಆ ಸುತ್ತುಗಳೆಲ್ಲ ಮುಚ್ಚಿಹೋಗಿ ಓರೆಯಾಗಿಟ್ಟ ಹಲಗೆಯಂಥ ಇಳಿಜಾರು ಮಾತ್ರ ಉಳಿಯುತ್ತದೆ. ಪ್ರಶ್ನೆ ಬದಲಾಗುವುದು ಇಲ್ಲಿಯೇ. ಊರುಗೋಲು ಬೀಳದಂತೆ ನೋಡಿಕೊಳ್ಳುತ್ತದೆಯೇ ಹೊರತು ಬಿದ್ದವನನ್ನು ನಿಲ್ಲಿಸುವುದಿಲ್ಲ. ಗಟ್ಟಿ ಹಿಮದ ಮೇಲೆ ಜಾರತೊಡಗಿದರೆ ಕೆಲವೇ ಕ್ಷಣಗಳಲ್ಲಿ ವೇಗ ಕೈಮೀರುತ್ತದೆ. ಮೈಮೇಲಿನ ನುಣುಪಾದ ಮಳೆಯಂಗಿ ಆ ವೇಗಕ್ಕೆ ಇನ್ನಷ್ಟು ಇಂಬು ಕೊಡುತ್ತದೆ.

ಹಿಮಕೊಡಲಿ ಇರುವುದು ಆ ಕ್ಷಣಗಳಿಗಾಗಿ. ಅದರ ತಲೆಯ ಒಂದು ಬದಿಗೆ ಚೂಪಾದ ಕೊಕ್ಕು, ಇನ್ನೊಂದು ಬದಿಗೆ ಬಾಚಿಯಂಥ ಅಗಲ ಅಲಗು, ಕಾವಿನ ತುದಿಗೆ ಒಂದು ಮೊಳೆ. ಜಾರಿದವನು ಒಂದು ಕೈಯಲ್ಲಿ ತಲೆಯನ್ನೂ ಇನ್ನೊಂದರಲ್ಲಿ ಕಾವಿನ ತುದಿಯನ್ನೂ ಹಿಡಿದು, ಕೊಡಲಿಯನ್ನು ಎದೆಗೆ ಅಡ್ಡಲಾಗಿ ಒತ್ತಿಕೊಂಡು, ಬೋರಲು ಹೊರಳಿ, ಮೈಭಾರವನ್ನೆಲ್ಲ ಕೊಕ್ಕಿನ ಮೇಲೆ ಹಾಕಬೇಕು. ಬೂಟಿಗೆ ಉಕ್ಕಿನ ಮುಳ್ಳುಗಳ ಕ್ರ್ಯಾಂಪಾನ್ ಕಟ್ಟಿದ್ದರೆ ಪಾದಗಳನ್ನು ಮೇಲೆತ್ತಿರಬೇಕು. ಇಲ್ಲದಿದ್ದರೆ ಮುಳ್ಳು ಸಿಕ್ಕಿಕೊಂಡು ದೇಹವೇ ಪಲ್ಟಿಯಾದೀತು. ಇದನ್ನು ಓದಿ ಕಲಿಯುವುದು ಈಜನ್ನು ಓದಿ ಕಲಿತಂತೆ. ಕೆಳಗೆ ಬಂಡೆಯಿಲ್ಲದ, ತಾನಾಗಿಯೇ ಸಮತಟ್ಟಾಗುವ ಇಳಿಜಾರಿನಲ್ಲಿ ಬೇಕೆಂದೇ ಜಾರಿ ಜಾರಿ ಅಭ್ಯಾಸ ಮಾಡಬೇಕು. ಏವಿಮೋರ್ ಬಳಿಯ ಗ್ಲೆನ್‌ಮೋರ್ ಲಾಡ್ಜ್‌ನಂಥ ತರಬೇತಿ ಕೇಂದ್ರಗಳಲ್ಲಿ ಇದನ್ನು ಕಲಿಸುತ್ತಾರೆ.

ಶಿಖರ ವಿಶಾಲವಾದ ಬಯಲು. ಅಪಾಯ ಇರುವುದು ಅಂಚಿನಲ್ಲಿ. ಒಂದೆಡೆ ಗಾರ್ಡಿಲೂ ಎಂಬ ಕೊರಕಲು. ಹಿಂದಿನ ಕಾಲದ ಎಡಿನ್‌ಬರೋದಲ್ಲಿ ಮಹಡಿಯಿಂದ ಕೊಳಕು ನೀರು ಚೆಲ್ಲುವಾಗ ಕೂಗುತ್ತಿದ್ದ ಎಚ್ಚರಿಕೆಯ ಮಾತದು. ವೀಕ್ಷಣಾಲಯದವರು ಕಸ ಎಸೆಯುತ್ತಿದ್ದುದರಿಂದ ಕೊರಕಲಿಗೂ ಅದೇ ಹೆಸರಾಯಿತು. 1904ರಲ್ಲಿ ವೀಕ್ಷಣಾಲಯ ಮುಚ್ಚಿತು, ಹೆಸರು ಉಳಿಯಿತು. ಚಳಿಗಾಲದಲ್ಲಿ ಇದರ ಬಾಯಿಯ ಮೇಲೆ ಹಿಮ ಸಜ್ಜಾದಂತೆ ಚಾಚಿಕೊಂಡು ನೆಲವೆಂಬ ಭ್ರಮೆ ಹುಟ್ಟಿಸುತ್ತದೆ. ಇನ್ನೊಂದೆಡೆ ಫೈವ್ ಫಿಂಗರ್ ಗಲ್ಲಿ. ಮಂಜು ಕವಿದಾಗ ನಕಾಶೆಯ ಲೆಕ್ಕದಲ್ಲಿ 231 ಡಿಗ್ರಿಯ ದಿಕ್ಕಿಗೆ 150 ಮೀಟರ್, ಆಮೇಲೆ 282 ಡಿಗ್ರಿ ಹಿಡಿದು ನಡೆದರೆ ಇವೆರಡರ ನಡುವೆ ಪಾರಾಗಬಹುದು. ದಿಕ್ಕು ತಪ್ಪಿದವನನ್ನು, ಹಿಮಪಾತಕ್ಕೆ ಸಿಕ್ಕವನನ್ನು ಕೊಡಲಿಯೂ ಕಾಯಲಾರದು.

ಹಾಗಾದರೆ ಆಯ್ಕೆ ಹೇಗೆ? ಇಳಿಜಾರಿನ ಮೇಲೆ ನಿಂತು ಕೆಳಗೆ ನೋಡಬೇಕು. ಇಲ್ಲಿ ಜಾರಿದರೆ ಎಲ್ಲಿ ಹೋಗಿ ನಿಂತೇನು? ಮೆತ್ತನೆಯ ಹಿಮದಲ್ಲಿ ಎಂದಾದರೆ ಕೋಲು ಸಾಕು. ಬಂಡೆ, ಕೊರಕಲು ಎಂದಾದರೆ ಕೊಡಲಿ ಬೇಕು. ಅದೂ ಬೆನ್ನಿನ ಚೀಲದಲ್ಲಲ್ಲ, ಕೈಯಲ್ಲಿ. ಕಡಿದಾದ ಜಾಗಕ್ಕೆ ಬಂದ ಮೇಲೆ ಚೀಲ ಇಳಿಸಿ ಕೊಡಲಿ ಬಿಚ್ಚಲು ಹೊರಟವನು ಆ ಯತ್ನದಲ್ಲೇ ಜಾರಬಹುದು. ಬದಲಿಸುವುದನ್ನು ಸರೋವರದ ಬಳಿ, ನೆಲ ಸಮವಾಗಿರುವಲ್ಲೇ ಮುಗಿಸಬೇಕು. ಕೊಡಲಿ ಇಲ್ಲದವರಿಗೆ, ಇದ್ದರೂ ಬಳಸಲು ಬಾರದವರಿಗೆ, ಅಲ್ಲಿಂದಲೇ ಹಿಂದಿರುಗುವುದು ಜಾಣತನ.

ಮೇಲೆ ಹೋಗಿ ಬಂದವರು ಅದೇ ಸರೋವರದ ಬಳಿ ಕೊಡಲಿಯನ್ನು ಚೀಲಕ್ಕೆ ಕಟ್ಟಿ ಕೋಲುಗಳನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಮೊಣಕಾಲುಗಳಿಗೆ ಇನ್ನೂ ಐನೂರು ಮೀಟರ್ ಇಳಿಯುವ ಕೆಲಸ ಬಾಕಿ ಇರುತ್ತದೆ.